ಕೆಂಪು ಬಟನ್ ಒತ್ತಿದ ಮೇಲೂ ಕರೆಂಟ್ ಉಳಿಯಬಾರದು

ಮಾನ್ಯ ಸಂಪಾದಕರೇ,

ಅಪಾರ್ಟ್‌ಮೆಂಟಿನ ಸೆಕ್ಯುರಿಟಿ ಕೊಠಡಿ, ಐಟಿಐ ವರ್ಕ್‌ಶಾಪಿನ ಬಾಗಿಲ ಪಕ್ಕ, ಎಂಜಿನಿಯರಿಂಗ್ ಕಾಲೇಜಿನ ಮೆಷಿನ್ ಲ್ಯಾಬ್, ನರ್ಸಿಂಗ್ ಹೋಮಿನ ಪ್ಯಾನೆಲ್ ರೂಮು, ಎಲ್ಲ ಕಡೆ ಈಗ ಹಳದಿ ಡಬ್ಬಿಯ ಮೇಲೆ ಅಣಬೆ ತಲೆಯ ಕೆಂಪು ಬಟನ್ ಕಾಣುತ್ತದೆ. ಅವಘಡವಾದಾಗ ಅದನ್ನು ಗುದ್ದಿದರೆ ಕರೆಂಟ್ ಹೋಗುತ್ತದೆ ಎಂದು ಎಲ್ಲರೂ ನಂಬಿದ್ದಾರೆ. ಬಟನ್ ಇದೆಯೇ ಇಲ್ಲವೇ ಎಂದು ನೋಡುವವರೂ ಇದ್ದಾರೆ. ಅದರ ಹಿಂದೆ ಗೋಡೆಯೊಳಗೆ ಹೋಗುವ ವೈರುಗಳು ಎಲ್ಲಿಗೆ ಹೋಗಿ ಏನು ಮಾಡುತ್ತವೆ ಎಂದು ಕೇಳುವವರು ಮಾತ್ರ ಬಹಳ ಕಡಿಮೆ. ಬಟನ್ನಿನ ಬೆಲೆಯೆಲ್ಲ ಆ ವೈರುಗಳಲ್ಲೇ ಇರುವುದರಿಂದ ಈ ಪತ್ರ.

ಇಡೀ ಕಟ್ಟಡದ ಕರೆಂಟ್ ಕಡಿಯುವ ಮೇನ್ ಬ್ರೇಕರನ್ನು ದೂರದಿಂದ ಬೀಳಿಸಲು, ಅಂದರೆ ಆಫ್ ಮಾಡಲು, ಎರಡು ದಾರಿಗಳಿವೆ. ಒಂದು ಶಂಟ್ ಟ್ರಿಪ್. ಎಂಸಿಸಿಬಿಯೊಳಗೆ (ಮೇನ್ ಆಗಿ ಹಾಕುವ ದೊಡ್ಡ ಬ್ರೇಕರ್) ಒಂದು ಕಾಯಿಲ್ ಸುಮ್ಮನೆ ಕೂತಿರುತ್ತದೆ. ಬಟನ್ ಒತ್ತಿದಾಗ ಅದಕ್ಕೆ ಕರೆಂಟ್ ಹರಿದು ಬ್ರೇಕರ್ ಬೀಳುತ್ತದೆ. ಇನ್ನೊಂದು ಅಂಡರ್ ವೋಲ್ಟೇಜ್ ರಿಲೀಸ್, ನಮ್ಮವರ ಬಾಯಲ್ಲಿ ಯುವಿ ಕಾಯಿಲ್. ಇದಕ್ಕೆ ಸದಾ ಕರೆಂಟ್ ಹರಿಯುತ್ತಿರಬೇಕು. ಹರಿಯುವುದು ನಿಂತ ಕೂಡಲೇ ಬ್ರೇಕರ್ ಬೀಳುತ್ತದೆ. ಮೊದಲನೆಯದಕ್ಕೆ ಎನ್‌ಒ (ಒತ್ತಿದಾಗ ಮುಚ್ಚಿ ಕರೆಂಟ್ ಹರಿಸುವ) ಕಾಂಟ್ಯಾಕ್ಟಿನ ಬಟನ್, ಎರಡನೆಯದಕ್ಕೆ ಎನ್‌ಸಿ (ಒತ್ತಿದಾಗ ತೆರೆದು ಕರೆಂಟ್ ಕಡಿಯುವ) ಕಾಂಟ್ಯಾಕ್ಟಿನ ಬಟನ್. ನೋಡಲು ಎರಡೂ ಒಂದೇ, ಕೆಟ್ಟಾಗ ಮಾತ್ರ ಎರಡೂ ಒಂದಕ್ಕೊಂದು ತದ್ವಿರುದ್ಧ.

ಶಂಟ್ ಟ್ರಿಪ್‌ನ ವೈರನ್ನು ಡಕ್ಟ್‌ನಲ್ಲಿ ಇಲಿ ಕಡಿದರೆ, ಟರ್ಮಿನಲ್ ಸ್ಕ್ರೂ ಸಡಿಲವಾದರೆ, ಕಂಟ್ರೋಲ್ ಫ್ಯೂಸ್ ಹೋದರೆ, ಕಾಯಿಲ್ ಸುಟ್ಟರೆ ಹೊರಗೆ ಯಾವ ಸುಳಿವೂ ಕಾಣುವುದಿಲ್ಲ. ಎಲ್ಲವೂ ಸರಿಯಾಗಿರುವಂತೆಯೇ ವರ್ಷಗಟ್ಟಲೆ ನಡೆಯುತ್ತದೆ. ಬೆಂಕಿ ಬಿದ್ದ ದಿನ ಬಟನ್ ಒತ್ತಿದಾಗಷ್ಟೇ ತಿಳಿಯುವುದು. ಶಂಟ್ ಕಾಯಿಲ್ ಕೆಲಸ ಮಾಡಲು ಅದರ ರೇಟೆಡ್ ವೋಲ್ಟೇಜಿನ ಕನಿಷ್ಠ ಶೇ 70ರಷ್ಟು ಸಿಗಬೇಕು. ಬೆಂಕಿಯ ಹೊತ್ತಿಗೆ ಫೇಸ್ ಹೋಗುವುದು, ವೋಲ್ಟೇಜ್ ಕುಸಿಯುವುದು ಸಾಮಾನ್ಯ. ಅಂದರೆ ಯಾವ ಗಳಿಗೆಯಲ್ಲಿ ಇದು ಬೇಕೋ ಅದೇ ಗಳಿಗೆಯಲ್ಲಿ ಇದಕ್ಕೆ ಶಕ್ತಿ ಇರುವುದಿಲ್ಲ. ಇನ್ನೊಂದು ತೊಡಕೂ ಇದೆ. ಬಟನ್ ಒಳಗೇ ಸಿಕ್ಕಿಕೊಂಡು ನಿಂತರೆ ಕಾಯಿಲ್‌ಗೆ ಬಿಡದೆ ಕರೆಂಟ್ ಹರಿಯುತ್ತದೆ. ಹಲವು ಶಂಟ್ ಕಾಯಿಲ್‌ಗಳು ಅದಕ್ಕೆ ತಯಾರಾದವಲ್ಲ, ಸುಡುತ್ತವೆ. ಬ್ರೇಕರ್ ಬಿದ್ದಾಗ ತಾನೂ ತೆರೆಯುವ ಅದರದೇ ಆಕ್ಸಿಲರಿ ಕಾಂಟ್ಯಾಕ್ಟನ್ನು ಸರಣಿಯಲ್ಲಿ ಹಾಕದಿದ್ದರೆ ಮೊದಲ ಪರೀಕ್ಷೆಯಲ್ಲೇ ಕಾಯಿಲ್ ಹೋಗಿ, ಅದು ಹೋದದ್ದೂ ಗೊತ್ತಾಗದೆ ಉಳಿಯಬಹುದು.

ಯುವಿ ಕಾಯಿಲಿನ ಲೂಪಿನಲ್ಲಿ ಇದೇ ಇಲಿ, ಇದೇ ಸ್ಕ್ರೂ, ಇದೇ ಫ್ಯೂಸ್ ಆ ಕ್ಷಣವೇ ಬ್ರೇಕರನ್ನು ಬೀಳಿಸುತ್ತವೆ. ಕರೆಂಟ್ ಹೋಗುತ್ತದೆ, ಜನ ಬೈಯುತ್ತಾರೆ, ಎಲೆಕ್ಟ್ರಿಷಿಯನ್ ಬಂದು ಸರಿಮಾಡುತ್ತಾನೆ. ಫೇಲ್ ಸೇಫ್ ಎಂದರೆ ಇಷ್ಟೇ: ಕೆಡುವುದೇ ಆದರೆ ಅಪಾಯವಿಲ್ಲದ ಕಡೆಗೆ ಕೆಡಬೇಕು. ರೈಲಿನ ಬ್ರೇಕು ನಡೆಯುವುದೂ ಹೀಗೆಯೇ. ಪೈಪಿನಲ್ಲಿ ಗಾಳಿಯ ಒತ್ತಡ ಇರುವವರೆಗೆ ಬ್ರೇಕು ಬಿಟ್ಟಿರುತ್ತದೆ. ಬೋಗಿ ಕಳಚಿ ಪೈಪು ಹರಿದರೆ ಎರಡೂ ತುಂಡುಗಳು ತಾವೇ ಬ್ರೇಕು ಹಿಡಿದು ನಿಲ್ಲುತ್ತವೆ.

ಇಷ್ಟು ಗೊತ್ತಿದ್ದೂ ಯುವಿ ಕಾಯಿಲ್ ಬೇಡವೆನ್ನುವವರಿಗೆ ಒಂದು ನಿಜವಾದ ಕಾರಣವಿದೆ, ಅದನ್ನು ತಳ್ಳಿಹಾಕಿದರೆ ಪ್ರಯೋಜನವಿಲ್ಲ. ಯುವಿ ಕಾಯಿಲನ್ನು ನೇರ ಮೇನ್ ಸಪ್ಲೈಗೆ ಕೊಟ್ಟರೆ ಪ್ರತಿ ಪವರ್ ಕಟ್‌ಗೂ ಬ್ರೇಕರ್ ಬೀಳುತ್ತದೆ. ರೇಟೆಡ್ ವೋಲ್ಟೇಜಿನ ಶೇ 70 ಮತ್ತು ಶೇ 35ರ ನಡುವೆ ಎಲ್ಲಾದರೂ ಅದು ಬಿಡಬಹುದು. ಮಳೆಗಾಲದಲ್ಲಿ ಒಂದು ಕ್ಷಣ ವೋಲ್ಟೇಜ್ ಜಗ್ಗಿದರೂ ಸಾಕು. ಕರೆಂಟ್ ವಾಪಸ್ ಬಂದರೂ ಕಟ್ಟಡ ಕತ್ತಲಲ್ಲೇ ಇರುತ್ತದೆ. ರಾತ್ರಿ ಎರಡು ಗಂಟೆಗೆ ಯಾರಾದರೂ ಬೇಸ್‌ಮೆಂಟಿಗೆ ಇಳಿದು ಎಂಸಿಸಿಬಿಯ ಹಿಡಿಯನ್ನು ಪೂರ್ತಿ ಕೆಳಗೆ ಒತ್ತಿ ರಿಸೆಟ್ ಮಾಡಿ ಮೇಲೆತ್ತಬೇಕು. ಮೂರನೇ ಸಲಕ್ಕೆ ಎಲೆಕ್ಟ್ರಿಷಿಯನ್ ಅರ್ಧ ಅಡಿ ವೈರು ತೆಗೆದುಕೊಂಡು ಬಟನ್ನಿನ ಎರಡು ಟರ್ಮಿನಲ್‌ಗಳ ನಡುವೆ ಲಿಂಕ್ ಹಾಕುತ್ತಾನೆ, ಇಲ್ಲವೇ ಯುವಿ ಕಾಯಿಲನ್ನೇ ಕಳಚಿಡುತ್ತಾನೆ. ಅಲ್ಲಿಂದಾಚೆಗೆ ಆ ಬಟನ್ ಗೋಡೆಯ ಅಲಂಕಾರ. ಆತನನ್ನು ಬೈದು ಫಲವಿಲ್ಲ, ತಪ್ಪು ನಕ್ಷೆ ಬರೆದವರದ್ದು.

ಇದಕ್ಕೆ ಪರಿಹಾರ ಕಷ್ಟದ್ದೇನೂ ಅಲ್ಲ. 24 ವೋಲ್ಟ್ ಡಿಸಿಯ ಯುವಿ ಕಾಯಿಲ್ ತರಿಸಿ, ಅದಕ್ಕೆ ಬ್ಯಾಟರಿ ಇರುವ ಪುಟ್ಟ 24 ವೋಲ್ಟ್ ಸಪ್ಲೈ ಕೊಡಬೇಕು. 12 ವೋಲ್ಟ್ 7 ಆಂಪಿಯರ್ ಅವರ್‌ನ ಎರಡು ಸೀಲ್ಡ್ ಬ್ಯಾಟರಿಗಳನ್ನು ಸರಣಿಯಲ್ಲಿ ಕಟ್ಟಿದರೆ 168 ವ್ಯಾಟ್ ಅವರ್ ಆಗುತ್ತದೆ. ಕಾಯಿಲ್ 5 ವ್ಯಾಟ್ ಎಳೆಯುತ್ತದೆ ಎಂದು ಹಿಡಿದು, ಬ್ಯಾಟರಿಯ ಶೇ 70ನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರೂ ಹೆಚ್ಚುಕಡಿಮೆ ಒಂದು ದಿನ ನಡೆಯುತ್ತದೆ. ಆಗ ಪವರ್ ಕಟ್‌ಗೆ ಬ್ರೇಕರ್ ಬೀಳುವುದಿಲ್ಲ. ಬಟನ್ ಒತ್ತಿದರೆ, ವೈರು ಹರಿದರೆ ಬೀಳುತ್ತದೆ. ಬ್ಯಾಟರಿ ಸತ್ತಿದ್ದರೆ ಮುಂದಿನ ಪವರ್ ಕಟ್‌ನಲ್ಲಿ ಬ್ರೇಕರ್ ಬಿದ್ದು ತಾನೇ ವಿಷಯ ತಿಳಿಸುತ್ತದೆ.

ಇಲ್ಲಿ ಹಲವರು ಎಡವುವ ಒಂದು ಜಾಗ: ಈ ಚಾರ್ಜರ್‌ಗೆ ಕರೆಂಟನ್ನು ಮೇನ್ ಬ್ರೇಕರಿನ ಕೆಳಗಿನಿಂದ ತೆಗೆದುಕೊಂಡರೆ, ಬ್ರೇಕರ್ ಬಿದ್ದ ಮೇಲೆ ಚಾರ್ಜರ್‌ಗೂ ಕರೆಂಟ್ ಇಲ್ಲ. ಬ್ಯಾಟರಿ ಇಳಿದುಹೋದರೆ ಯುವಿ ಕಾಯಿಲ್ ಎತ್ತುವುದಿಲ್ಲ. ರೇಟೆಡ್ ವೋಲ್ಟೇಜಿನ ಶೇ 85ರಷ್ಟು ಸಿಗುವವರೆಗೆ ಅದು ಬ್ರೇಕರನ್ನು ಹಾಕಲು ಬಿಡದೆ ಇರಬಹುದು. ಕಟ್ಟಡಕ್ಕೆ ಕರೆಂಟ್ ಕೊಡಲು ಕರೆಂಟೇ ಬೇಕಾಗಿ ಬರುತ್ತದೆ. ಆದ್ದರಿಂದ ಚಾರ್ಜರಿನ ಫೀಡ್ ಬ್ರೇಕರಿನ ಮೇಲ್ಗಡೆಯಿಂದ, ತನ್ನದೇ ಫ್ಯೂಸ್‌ನೊಂದಿಗೆ ಬರಬೇಕು. ‘ಬಟನ್ ಒತ್ತಿದ ಮೇಲೂ ಇದರಲ್ಲಿ ಕರೆಂಟ್ ಇರುತ್ತದೆ’ ಎಂಬ ಲೇಬಲ್ ಅದರ ಮೇಲೆ ಇರಬೇಕು.

ಇನ್ನು ಬಟನ್ನಿಗೆ ಹೋಗುವ ಕೇಬಲ್. ಎನ್‌ಸಿ ಲೂಪಿನಲ್ಲೂ ಒಂದು ಅಪಾಯ ಅಡಗಿದೆ. ಬಟನ್ನಿಗೆ ಹೋಗುವ ಮತ್ತು ಅಲ್ಲಿಂದ ಬರುವ ಎರಡು ಕೋರ್‌ಗಳು (ಕೇಬಲಿನೊಳಗಿನ ತಂತಿಗಳು) ದಾರಿಯಲ್ಲಿ ಒಂದಕ್ಕೊಂದು ಶಾರ್ಟ್ ಆದರೆ, ಮೊಳೆ ಹೊಡೆದೋ ಬೆಂಕಿಯಲ್ಲಿ ಇನ್ಸುಲೇಷನ್ ಕರಗಿಯೋ, ಬಟನ್ ಬೈಪಾಸ್ ಆಗಿಹೋಗುತ್ತದೆ. ಒತ್ತಿದರೂ ಕರೆಂಟ್ ಹರಿಯುತ್ತಲೇ ಇರುತ್ತದೆ. ಎರಡು ಕೋರಿನ ಕೇಬಲ್ ಹಾಕಿ ‘ಫೇಲ್ ಸೇಫ್ ಮಾಡಿದ್ದೇವೆ’ ಎನ್ನುವವರು ಇದನ್ನು ಮರೆಯುತ್ತಾರೆ. ನಾಲ್ಕು ಕೋರಿನ ಕೇಬಲ್ ಮತ್ತು ಎರಡು ಎನ್‌ಸಿ ಬ್ಲಾಕ್ ಇರುವ ಬಟನ್ ಹಾಕಿ: ಒಂದು ಬ್ಲಾಕ್ ಪ್ಲಸ್ ದಾರಿಯಲ್ಲಿ, ಇನ್ನೊಂದು ಮೈನಸ್ ದಾರಿಯಲ್ಲಿ, ಎರಡರ ನಡುವೆ ಕಾಯಿಲ್. ಪ್ಲಸ್ ಕೋರು ಮೈನಸ್ ಕೋರಿಗೆ ತಾಗಿದರೆ ಫ್ಯೂಸ್ ಹೋಗುತ್ತದೆ ಅಥವಾ ಸಪ್ಲೈ ಕುಸಿಯುತ್ತದೆ. ಎರಡರಲ್ಲೂ ಬ್ರೇಕರ್ ಬೀಳುತ್ತದೆ. ಒಂದೇ ದಾರಿಯ ಎರಡು ಕೋರುಗಳು ತಾಗಿದರೆ ಆ ಬ್ಲಾಕ್ ಮಾತ್ರ ಬೈಪಾಸ್, ಇನ್ನೊಂದು ಕೆಲಸ ಮಾಡುತ್ತದೆ. ಹಲವು ಬಟನ್‌ಗಳಿದ್ದರೆ ಪ್ಲಸ್ ಬ್ಲಾಕ್‌ಗಳೆಲ್ಲ ಸರಣಿಯಲ್ಲಿ, ಮೈನಸ್ ಬ್ಲಾಕ್‌ಗಳೆಲ್ಲ ಸರಣಿಯಲ್ಲಿ. ಯಾವ ಬಟನ್ ಒತ್ತಲಾಗಿದೆ ಎಂದು ತೋರಿಸುವ ದೀಪಕ್ಕೆ ಬೇಕಾದರೆ ಮೂರನೇ ಎನ್‌ಒ ಬ್ಲಾಕ್ ಇರಲಿ. ಅದು ದೀಪಕ್ಕೆ ಮಾತ್ರ.

ಸಪ್ಲೈನ ಮೈನಸ್‌ ಅನ್ನು ಪ್ಯಾನೆಲ್ಲಿನಲ್ಲಿ ಒಂದೇ ಕಡೆ ಅರ್ಥ್ ಮಾಡಿ. ಅರ್ಥ್ ಮಾಡದೆ ತೇಲಲು ಬಿಟ್ಟ ಕಂಟ್ರೋಲ್ ಸಪ್ಲೈನಲ್ಲಿ ಮೊದಲ ಅರ್ಥ್ ಫಾಲ್ಟ್ ಕಾಣುವುದೇ ಇಲ್ಲ. ಬಟನ್ನಿನ ಆಚೆ ಒಂದು, ಈಚೆ ಒಂದು ಅರ್ಥ್ ಫಾಲ್ಟ್ ಆದರೆ ಕಟ್ಟಡದ ಕಬ್ಬಿಣವೇ ಬಟನ್ನಿಗೆ ಲಿಂಕ್ ಹಾಕಿದಂತಾಗುತ್ತದೆ. ಮೈನಸ್ ಅರ್ಥ್ ಆಗಿದ್ದರೆ ಪ್ಲಸ್ ದಾರಿಯ ಮೊದಲ ಫಾಲ್ಟೇ ಫ್ಯೂಸ್ ಹಾರಿಸುತ್ತದೆ. 230 ವೋಲ್ಟ್ ಕಂಟ್ರೋಲ್ ಇರುವ ಹಳೇ ಪ್ಯಾನೆಲ್‌ಗಳಲ್ಲೂ ನೋಡಬೇಕಾದ್ದು ಇದೇ. ಕಾಯಿಲಿನ ಒಂದು ತುದಿ ನೇರ ನ್ಯೂಟ್ರಲ್‌ಗೆ ಹೋಗಿರಬೇಕು, ಬಟನ್ ಫೇಸ್ ಕಡೆ ಇರಬೇಕು. ಬಟನ್ನನ್ನು ನ್ಯೂಟ್ರಲ್ ದಾರಿಯಲ್ಲಷ್ಟೇ ಹಾಕಿದ್ದರೆ ಒಂದು ಅರ್ಥ್ ಫಾಲ್ಟ್ ಸಾಕು, ಬಟನ್ ಒತ್ತಿದರೂ ಕಾಯಿಲ್ ಅರ್ಥ್ ಮೂಲಕ ಹಿಡಿದೇ ಇರುತ್ತದೆ.

ವೋಲ್ಟೇಜ್ ಡ್ರಾಪ್ ಲೆಕ್ಕ ಹಾಕದೆ 24 ವೋಲ್ಟ್ ಎಳೆಯಬೇಡಿ. 1.5 ಚದರ ಮಿಮೀ ತಾಮ್ರದ ರೋಧ ಕಿಲೋಮೀಟರಿಗೆ ಸುಮಾರು 12 ಓಮ್. ಬಟನ್ 100 ಮೀಟರ್ ದೂರವಿದ್ದರೆ ನಾಲ್ಕು ಕೋರು ಸೇರಿ 400 ಮೀಟರ್ ಆಯಿತು, ಸುಮಾರು 4.8 ಓಮ್. 0.2 ಆಂಪಿಗೆ ಒಂದು ವೋಲ್ಟ್ ಇಳಿತ, ತೊಂದರೆ ಇಲ್ಲ. 300 ಮೀಟರ್ ಆದರೆ ಮೂರು ವೋಲ್ಟ್ ಇಳಿದು, ಬ್ಯಾಟರಿ ಸ್ವಲ್ಪ ಬಳಲಿದ್ದಾಗ ಶೇ 85ರ ಗೆರೆಗಿಂತ, ಅಂದರೆ 20.4 ವೋಲ್ಟಿಗಿಂತ, ಕೆಳಗೆ ಹೋಗುತ್ತದೆ. ಅಷ್ಟು ದೂರಕ್ಕೆ 2.5 ಚದರ ಮಿಮೀ ಹಾಕಬೇಕು.

‘ಹಾಗಾದರೆ 230 ವೋಲ್ಟ್ ಎಸಿಯಲ್ಲೇ ಎಳೆದುಬಿಡೋಣ’ ಎನ್ನುವವರಿಗೆ ಬೇರೆಯದೇ ಪೆಟ್ಟು ಕಾದಿದೆ. ಉದ್ದ ಕೇಬಲಿನ ಕೋರುಗಳು ಒಂದಕ್ಕೊಂದು ಕೆಪಾಸಿಟರ್ ಆಗುತ್ತವೆ. ಕಿಲೋಮೀಟರಿಗೆ 0.3 ಮೈಕ್ರೊಫ್ಯಾರಡ್ ಎಂದು ಹಿಡಿದರೆ 200 ಮೀಟರಿಗೆ 0.06. ಬಟನ್ ತೆರೆದಿದ್ದರೂ 50 ಹರ್ಟ್ಸ್‌ನಲ್ಲಿ ಆ ಕೆಪಾಸಿಟರ್ ಮೂಲಕ 4 ಮಿಲಿಆಂಪಿಗಿಂತ ಸ್ವಲ್ಪ ಹೆಚ್ಚೇ ಹರಿಯಬಲ್ಲದು. ಸಣ್ಣ ಪ್ಲಗ್-ಇನ್ ರಿಲೇ (ಕಾಯಿಲಿನಿಂದ ನಡೆಯುವ ಸ್ವಿಚ್) ಒಮ್ಮೆ ಎತ್ತಿದ ಮೇಲೆ ಹಿಡಿದಿರಲು ಅಷ್ಟೂ ಬೇಕಿಲ್ಲ. ಬಟನ್ ಒಳಗೆ ಹೋಗಿದೆ, ಕಾಂಟ್ಯಾಕ್ಟ್ ತೆರೆದಿದೆ, ರಿಲೇ ಮಾತ್ರ ಬಿಡುವುದಿಲ್ಲ. ಮಲ್ಟಿಮೀಟರ್ ಹಿಡಿದು ಗಂಟೆಗಟ್ಟಲೆ ಹುಡುಕಿದರೂ ತಪ್ಪು ಸಿಗದ ಪೈಕಿ ಇದು ಮೊದಲನೆಯದು. ಡಿಸಿಯಲ್ಲಿ ಈ ಸಮಸ್ಯೆಯೇ ಇಲ್ಲ. ಆದರೆ ಡಿಸಿ ಕಾಯಿಲಿಗೆ ಆಫ್ ಆದಾಗ ಏಳುವ ವೋಲ್ಟೇಜ್ ಸರ್ಜ್ ತಡೆಯಲು ಬರೀ ಡಯೋಡ್ ಹಾಕಿದರೆ ಕಾಂಟ್ಯಾಕ್ಟರ್ (ಕಾಯಿಲಿನಿಂದ ನಡೆಯುವ ದೊಡ್ಡ ಪವರ್ ಸ್ವಿಚ್) ಬಿಡುವ ಸಮಯ ಹಲವು ಪಟ್ಟು ಹೆಚ್ಚುತ್ತದೆ. ಝೀನರ್ ಜೊತೆಗಿನ ಡಯೋಡ್ ಅಥವಾ ವೇರಿಸ್ಟರ್ ಹಾಕಿ.

ಬಟನ್ನನ್ನು ಬಿಚ್ಚಿ ನೋಡಿ. ಮುಂದಿನ ತಲೆ ಒಂದು ಭಾಗ, ಹಿಂದೆ ಕ್ಲಿಪ್ಪಿನಿಂದ ಕೂರುವ ಕಾಂಟ್ಯಾಕ್ಟ್ ಬ್ಲಾಕ್ ಇನ್ನೊಂದು. ಡಬ್ಬಿಗೆ ಪೆಟ್ಟು ಬಿದ್ದೋ ಸರಿಯಾಗಿ ಕೂರಿಸದೆಯೋ ಬ್ಲಾಕ್ ಕಳಚಿದರೆ ತಲೆ ಮಾತ್ರ ಒಳಗೆ ಹೋಗುತ್ತದೆ, ಎನ್‌ಸಿ ಮುಚ್ಚಿಕೊಂಡೇ ಇರುತ್ತದೆ. ಇದನ್ನು ತಡೆಯಲು ಸೆಲ್ಫ್ ಮಾನಿಟರಿಂಗ್ ಬ್ಲಾಕ್‌ಗಳು ಸಿಗುತ್ತವೆ: ಬ್ಲಾಕ್ ತಲೆಯಿಂದ ಬೇರ್ಪಟ್ಟರೆ ಸರಣಿಯಲ್ಲಿರುವ ಇನ್ನೊಂದು ಕಾಂಟ್ಯಾಕ್ಟ್ ತಾನೇ ತೆರೆಯುತ್ತದೆ. ತೆಗೆದುಕೊಳ್ಳುವುದಾದರೆ ಅದನ್ನೇ ತೆಗೆದುಕೊಳ್ಳಿ. ಬ್ಲಾಕಿನ ಮೇಲೆ ವೃತ್ತದೊಳಗೆ ಬಾಣದ ಗುರುತು ಇದೆಯೇ ನೋಡಿ. ಕಾಂಟ್ಯಾಕ್ಟ್ ಅಂಟಿಕೊಂಡಿದ್ದರೂ ಒತ್ತಿದ ಬಲವೇ ಅದನ್ನು ಕಿತ್ತು ತೆರೆಯುತ್ತದೆ ಎಂಬುದರ ಗುರುತು ಅದು. ಬರೀ ಸ್ಪ್ರಿಂಗ್‌ನ ಬಲದಿಂದ ತೆರೆಯುವ ಸಾದಾ ಸ್ಟಾಪ್ ಬಟನ್ ಇಲ್ಲಿಗೆ ಬೇಡ. ಒತ್ತಿದ ಮೇಲೆ ಒಳಗೇ ಲಾಕ್ ಆಗಿ, ತಿರುಗಿಸಿ ಅಥವಾ ಎಳೆದು ಬಿಡಿಸುವಂಥದ್ದೇ ಆಗಬೇಕು.

ಈಗ ನಮ್ಮ ಊರುಗಳ ಕಟ್ಟಡಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪಿಗೆ ಬರುತ್ತೇವೆ. ಬಟನ್ ಒತ್ತಿದರೆ ಬೆಸ್ಕಾಂ ಅಥವಾ ಹೆಸ್ಕಾಂ ಕಡೆಯ ಬ್ರೇಕರ್ ಬೀಳುತ್ತದೆ. ಕರೆಂಟ್ ಹೋದರೆ ಜನರೇಟರಿಗೆ ಬದಲಿಸುವ ಎಎಂಎಫ್ ಪ್ಯಾನೆಲ್ ಅದನ್ನು ನೋಡಿ ‘ಕರೆಂಟ್ ಹೋಯಿತು’ ಎಂದುಕೊಂಡು ಡೀಸೆಲ್ ಜನರೇಟರ್ ಚಾಲೂ ಮಾಡುತ್ತದೆ. ಕೆಲವೇ ಸೆಕೆಂಡಿನಲ್ಲಿ ಅದೇ ಬಸ್‌ಬಾರಿಗೆ (ಪ್ಯಾನೆಲ್ಲಿನಲ್ಲಿ ಕರೆಂಟ್ ಹಂಚುವ ಲೋಹದ ಪಟ್ಟಿ), ಅದೇ ಸುಡುತ್ತಿರುವ ಕೇಬಲಿಗೆ ಕರೆಂಟ್ ವಾಪಸ್. ನೀರು ಹಿಡಿದು ನಿಂತ ಅಗ್ನಿಶಾಮಕ ಸಿಬ್ಬಂದಿಗೆ, ಸಿಕ್ಕಿಕೊಂಡವನ ಕೈ ಬಿಡಿಸುತ್ತಿರುವವನಿಗೆ ಇದಕ್ಕಿಂತ ದೊಡ್ಡ ಮೋಸ ಇಲ್ಲ. ಆದ್ದರಿಂದ ಒಂದೇ ಬಟನ್ ಮೂರು ಕೆಲಸ ಮಾಡಬೇಕು: ಮೇನ್ ಬ್ರೇಕರ್ ಬೀಳಿಸಬೇಕು, ಜನರೇಟರ್ ಕಡೆಯ ಬ್ರೇಕರನ್ನೂ ಅದರದೇ ಯುವಿ ಕಾಯಿಲ್ ಮೂಲಕ ಬೀಳಿಸಬೇಕು, ಜನರೇಟರ್ ಕಂಟ್ರೋಲರಿನ ಎಮರ್ಜೆನ್ಸಿ ಸ್ಟಾಪ್ ಇನ್‌ಪುಟ್ಟನ್ನು ತೆರೆಯಬೇಕು. ಆ ಇನ್‌ಪುಟ್ಟನ್ನು ‘ಮುಚ್ಚಿದಾಗ ನಿಲ್ಲು’ ಎಂದೂ ‘ತೆರೆದಾಗ ನಿಲ್ಲು’ ಎಂದೂ ಸೆಟ್ ಮಾಡುವ ಕಂಟ್ರೋಲರ್‌ಗಳಿವೆ. ‘ತೆರೆದಾಗ ನಿಲ್ಲು’ ಎಂದೇ ಇರಬೇಕು. ಹಳೇ ಎಂಜಿನ್‌ಗಳಲ್ಲಿ ಕರೆಂಟ್ ಕೊಟ್ಟರೆ ನಿಲ್ಲುವ ಸೊಲೆನಾಯ್ಡ್ ಇರುತ್ತದೆ, ಅದರ ವೈರು ಹೋದರೆ ಎಂಜಿನ್ ನಿಲ್ಲುವುದೇ ಇಲ್ಲ. ಅಂಥ ಕಡೆ ಜನರೇಟರ್ ಬ್ರೇಕರಿನ ಯುವಿ ಕಾಯಿಲೇ ಭರವಸೆ. ಮೂರು ಕಡೆಯ ಬೇರೆ ಬೇರೆ ವೋಲ್ಟೇಜ್‌ಗಳನ್ನು ಒಂದೇ ಬಟನ್ನಿನ ಡಬ್ಬಿಯೊಳಗೆ ತರಬೇಡಿ. 24 ವೋಲ್ಟಿನ ಲೂಪು ಒಂದು ಸೇಫ್ಟಿ ರಿಲೇಗೆ (ತನ್ನ ದೋಷವನ್ನೂ ತಾನೇ ಗಮನಿಸುವ ರಿಲೇ) ಬರಲಿ, ಅದರ ಕಾಂಟ್ಯಾಕ್ಟ್‌ಗಳು ಮೂರು ಕಡೆಗೂ ಹಂಚಲಿ.

ಯುಪಿಎಸ್‌ಗೂ ಇದೇ ಲೂಪಿನಿಂದ ಒಂದು ಕಾಂಟ್ಯಾಕ್ಟ್ ಹೋಗಬೇಕು. ದೊಡ್ಡ ಯುಪಿಎಸ್‌ಗಳ ಹಿಂದೆ ಇಪಿಒ (ಎಮರ್ಜೆನ್ಸಿ ಪವರ್ ಆಫ್) ಎಂಬ ಟರ್ಮಿನಲ್ ಇರುತ್ತದೆ. ಸೋಲಾರ್ ಗ್ರಿಡ್-ಟೈ ಇನ್ವರ್ಟರ್ ಗ್ರಿಡ್ ಹೋದಾಗ ತಾನೇ ನಿಲ್ಲುತ್ತದೆ, ಆದರೆ ಬಿಸಿಲು ಇರುವವರೆಗೆ ಚಾವಣಿಯಿಂದ ಇಳಿಯುವ ಡಿಸಿ ಕೇಬಲ್‌ಗಳಲ್ಲಿ ನೂರಾರು ವೋಲ್ಟ್ ಇದ್ದೇ ಇರುತ್ತದೆ. ಅದಕ್ಕೆ ಚಾವಣಿಯಲ್ಲೇ ಡಿಸಿ ಐಸೊಲೇಟರ್ (ಸಪ್ಲೈಯನ್ನು ಬೇರ್ಪಡಿಸುವ ಸ್ವಿಚ್) ಬೇಕು. ಇನ್ನು ಪ್ರತಿ ಫ್ಲ್ಯಾಟಿನ ಒಳಗೂ ಮನೆಯವರು ಇಟ್ಟುಕೊಂಡ ಇನ್ವರ್ಟರ್ ಬ್ಯಾಟರಿ! ಕಟ್ಟಡದ ಮೇನ್ ಬಿದ್ದ ಕ್ಷಣ ಅವೆಲ್ಲ ಒಟ್ಟಿಗೆ ಎಚ್ಚರಗೊಂಡು ಮನೆಗಳ ಲೈಟು-ಫ್ಯಾನಿನ ವೈರಿಂಗಿಗೆ 230 ವೋಲ್ಟ್ ಕೊಡುತ್ತವೆ. ಇದನ್ನು ಒಂದು ಬಟನ್ನಿಂದ ನಿಲ್ಲಿಸುವುದು ಕಷ್ಟ. ಆದರೆ ಬಟನ್ನಿನ ಪಕ್ಕ ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ‘ಫ್ಲ್ಯಾಟುಗಳ ಒಳಗಿನ ಇನ್ವರ್ಟರ್ ಮತ್ತು ಚಾವಣಿಯ ಸೋಲಾರ್ ಕೇಬಲ್ ಇದರಿಂದ ಆಫ್ ಆಗುವುದಿಲ್ಲ’ ಎಂದು ಬರೆದಿಡುವುದು ಕಷ್ಟವಲ್ಲ.

ಯಾವುದು ಆಫ್ ಆಗಬಾರದು ಎಂಬುದೂ ಅಷ್ಟೇ ಮುಖ್ಯ. ಫೈರ್ ಪಂಪ್, ಫೈರ್ ಅಲಾರಂ, ಮೆಟ್ಟಿಲ ಬಾವಿಗೆ ಹೊಗೆ ನುಗ್ಗದಂತೆ ಗಾಳಿ ತುಂಬುವ ಫ್ಯಾನ್, ಅಗ್ನಿಶಾಮಕರ ಲಿಫ್ಟ್, ತುರ್ತು ದೀಪಗಳು ಈ ಬಟನ್ನಿಗೆ ಸಿಗಬಾರದು. ಅವುಗಳ ಫೀಡರ್ ಮೇನ್ ಬ್ರೇಕರಿನ ಮೇಲ್ಗಡೆಯಿಂದ ಪ್ರತ್ಯೇಕವಾಗಿ ಹೊರಡಬೇಕು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೇ ಭಾಗದ ಆಶಯವೂ ಇದೇ. ಅವುಗಳಿಗೆ ಜನರೇಟರ್ ಬೇಕಿರುವ ಕಟ್ಟಡದಲ್ಲಿ ಎಂಜಿನ್ನನ್ನೇ ನಿಲ್ಲಿಸಬಾರದು. ಜನರೇಟರಿನಿಂದ ಸಾಮಾನ್ಯ ಹೊರೆಗೆ ಹೋಗುವ ಬ್ರೇಕರನ್ನಷ್ಟೇ ಬೀಳಿಸಿ, ಎಂಜಿನ್ ನಿಲ್ಲಿಸುವ ಬಟನ್ನನ್ನು ಜನರೇಟರ್ ಪಕ್ಕ ಬೇರೆಯಾಗಿ ಇಡಬೇಕು. ಸಾಮಾನ್ಯ ಲಿಫ್ಟ್‌ಗಳಲ್ಲಿ ಹತ್ತಿರದ ಮಹಡಿಗೆ ತಂದು ಬಾಗಿಲು ತೆರೆಯುವ ಎಆರ್‌ಡಿ ಕೆಲಸ ಮಾಡುತ್ತಿರಬೇಕು. ಕಾರ್ಡ್ ತೋರಿಸಿ ತೆರೆಯುವ ಮ್ಯಾಗ್ನೆಟಿಕ್ ಬಾಗಿಲುಗಳಿಗೆ ಬ್ಯಾಟರಿ ಇರುವುದರಿಂದ ಮೇನ್ ಆಫ್ ಆದರೂ ಅವು ಹಿಡಿದೇ ಇರುತ್ತವೆ, ಅವುಗಳ ಸಪ್ಲೈಯನ್ನು ಫೈರ್ ಅಲಾರಮ್ಮಿನ ಎನ್‌ಸಿ ಕಾಂಟ್ಯಾಕ್ಟ್ ಕಡಿಯಬೇಕು. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ವಿದ್ಯುತ್ ಡಕ್ಟ್‌ನಿಂದ ಎದ್ದ ಹೊಗೆ ಮತ್ತು ತೆರೆಯದ ದಾರಿಗಳು ಸೇರಿ ಒಂಬತ್ತು ಜೀವ ಹೋದವು. ಡಕ್ಟು, ಬಾಗಿಲು, ಬಟನ್ ಮೂರನ್ನೂ ಒಟ್ಟಿಗೆ ನೋಡಬೇಕೆನ್ನುವುದು ಅದಕ್ಕೇ.

ಬೆಂಗಳೂರಿನ ಮಳೆಯನ್ನೂ ಮರೆಯುವಂತಿಲ್ಲ. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಸುತ್ತ ಬೇಸ್‌ಮೆಂಟ್‌ಗಳು ತುಂಬಿದವು. ಮೇನ್ ಪ್ಯಾನೆಲ್ ಬೇಸ್‌ಮೆಂಟಿನಲ್ಲಿದ್ದು ಬಟನ್ನೂ ಅದರ ಮೇಲೇ ಇದ್ದರೆ, ಆಫ್ ಮಾಡಲು ಹೋಗುವವನು ನೀರಿಗೆ ಇಳಿಯಲೇಬೇಕು. ಬಟನ್ ನೆಲಮಹಡಿಯಲ್ಲಿ, ಗೇಟಿನ ಹತ್ತಿರ, ರಾತ್ರಿ ಹಗಲು ಮನುಷ್ಯರಿರುವ ಕಡೆ ಇರಬೇಕು. ನೀರು ಹೊರಹಾಕುವ ಪಂಪ್ ಈ ಬಟನ್ನಿನಿಂದ ನಿಲ್ಲಬೇಕೋ ಬೇಡವೋ ಎಂಬುದನ್ನು ಮಾತ್ರ ನಕ್ಷೆ ಮಾಡುವಾಗಲೇ ಕೂತು ನಿರ್ಧರಿಸಿ. ಪಂಪಿನ ಪ್ಯಾನೆಲ್ ನೆರೆಮಟ್ಟಕ್ಕಿಂತ ಮೇಲಿದ್ದು, ಕರೆಂಟ್ ಸೋರಿದರೆ ಕಡಿಯುವ ಆರ್‌ಸಿಸಿಬಿ ಇದ್ದರೆ ಅದನ್ನು ಉಳಿಸಿಕೊಳ್ಳುವುದು ವಾಸಿ ಎಂಬುದು ನಮ್ಮ ಅಭಿಪ್ರಾಯ. 15 ಮೀಟರ್‌ಗಿಂತ ಎತ್ತರದ ಕಟ್ಟಡದಲ್ಲಿ ಸಪ್ಲೈ ಶುರುವಾಗುವ ಜಾಗದಲ್ಲೇ, ಎದ್ದು ಕಾಣುವಂತೆ, ನೆಲದಿಂದ 1.7 ಮೀಟರಿಗಿಂತ ಎತ್ತರವಲ್ಲದ ಕಡೆ ಪೂರ್ತಿ ಕಟ್ಟಡವನ್ನು ಬೇರ್ಪಡಿಸುವ ಸಾಧನ ಇರಬೇಕೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳೇ ಹೇಳಿದ್ದವು. ಆ ನಿಯಮಗಳ ಜಾಗಕ್ಕೆ ಈಗ 2023ರವು ಬಂದಿವೆ. ದೂರದ ಬಟನ್ ಆ ಸಾಧನಕ್ಕೆ ಬದಲಿಯಲ್ಲ, ಅದರ ಉದ್ದನೆಯ ಕೈ ಅಷ್ಟೇ.

ಕಾಲೇಜು, ಐಟಿಐಗಳ ವರ್ಕ್‌ಶಾಪಿನಲ್ಲಿ ಸಾಮಾನ್ಯವಾಗಿ ಎಂಸಿಸಿಬಿಗಿಂತ ಕಾಂಟ್ಯಾಕ್ಟರ್ ಹಾಕುತ್ತಾರೆ. ದಿನವೂ ಹಾಕಿ ತೆಗೆಯಲು ಅದೇ ಅನುಕೂಲ. 25 ಕಿಲೋವ್ಯಾಟ್ ಹೊರೆಗೆ 415 ವೋಲ್ಟ್, 0.85 ಪವರ್ ಫ್ಯಾಕ್ಟರಿನಲ್ಲಿ ಸುಮಾರು 41 ಆಂಪ್ ಬರುತ್ತದೆ. ಲೇತು, ಡ್ರಿಲ್ಲು ಇರುವ ಕಡೆ ಕಾಂಟ್ಯಾಕ್ಟರಿನ ಮೇಲೆ ಎಸಿ-3 (ಮೋಟಾರ್ ಹೊರೆಯ) ರೇಟಿಂಗ್ ನೋಡಿ 50 ಆಂಪಿನದು ತರಬೇಕು. ಎಸಿ-1 (ಹೀಟರಿನಂಥ ಹೊರೆಯ ರೇಟಿಂಗ್) ಎಂದು ಬರೆದ ದೊಡ್ಡ ಅಂಕಿ ನೋಡಿ ಮೋಸಹೋಗಬಾರದು. ಕಾಂಟ್ಯಾಕ್ಟರಿಗೆ ಒಂದು ಸ್ವಭಾವವಿದೆ, ಅದು ವೆಲ್ಡ್ ಆಗುತ್ತದೆ. ಕಾಯಿಲಿಗೆ ಶೇ 85ರಷ್ಟೂ ವೋಲ್ಟೇಜ್ ಸಿಗದ ಸಂಜೆಗಳಲ್ಲಿ ಅದು ಗರ್ರೆಂದು ಬಡಿದುಕೊಳ್ಳುತ್ತದೆ, ಪ್ರತಿ ಬಡಿತಕ್ಕೂ ಕಿಡಿ ಹಾರಿ ಕೊನೆಗೆ ಕಾಂಟ್ಯಾಕ್ಟ್ ಅಂಟಿಕೊಳ್ಳುತ್ತದೆ. ಹತ್ತಿರದಲ್ಲೇ ಶಾರ್ಟ್ ಸರ್ಕ್ಯೂಟ್ ಆದಾಗಲೂ ಹೀಗೇ ಆಗಬಹುದು. ಅಂಟಿಕೊಂಡ ಕಾಂಟ್ಯಾಕ್ಟರಿನ ಕಾಯಿಲಿಗೆ ಕರೆಂಟ್ ಕಡಿದರೆ ಏನೂ ಆಗುವುದಿಲ್ಲ. ಅದಕ್ಕೇ ಒಂದರ ಹಿಂದೆ ಒಂದರಂತೆ ಎರಡು ಕಾಂಟ್ಯಾಕ್ಟರ್ ಸರಣಿಯಲ್ಲಿ ಹಾಕುವುದು. ಎರಡರ ಎನ್‌ಸಿ ಮಿರರ್ ಕಾಂಟ್ಯಾಕ್ಟ್‌ಗಳನ್ನೂ (ಮುಖ್ಯ ಕಾಂಟ್ಯಾಕ್ಟ್ ಮುಚ್ಚಿರುವಾಗ ಎಂದೂ ಮುಚ್ಚದ ಸಣ್ಣ ಕಾಂಟ್ಯಾಕ್ಟ್‌ಗಳು) ಸೇಫ್ಟಿ ರಿಲೇಯ ರಿಸೆಟ್ ದಾರಿಯಲ್ಲಿ ಹಾಕಿ. ಒಂದು ವೆಲ್ಡ್ ಆಗಿದ್ದರೆ ಅದರ ಎನ್‌ಸಿ ಮುಚ್ಚುವುದಿಲ್ಲ, ರಿಸೆಟ್ ಒಪ್ಪುವುದಿಲ್ಲ. ಎರಡನೆಯದು ಹಾಳಾಗುವ ಮುನ್ನವೇ ಮೊದಲನೆಯದು ಸಿಕ್ಕಿಬೀಳುತ್ತದೆ. ಮಿರರ್ ಕಾಂಟ್ಯಾಕ್ಟ್ ಅಲ್ಲದ ಯಾವುದೋ ಆಕ್ಸಿಲರಿ ಸಿಕ್ಕಿಸಿದರೆ ಈ ಭರವಸೆ ಇಲ್ಲ. ನಾಲ್ಕು ಪೋಲಿನದು ಹಾಕುವುದಾದರೆ ನ್ಯೂಟ್ರಲ್ ಫೇಸ್‌ಗಳಿಗಿಂತ ಮೊದಲು ತೆರೆಯದಂಥದ್ದು ಬೇಕು, ಇಲ್ಲದಿದ್ದರೆ ಸಿಂಗಲ್ ಫೇಸ್ ಉಪಕರಣಗಳ ಮೇಲೆ 415 ವೋಲ್ಟಿನವರೆಗೂ ಏರಬಹುದು.

ಯಂತ್ರದ ಚಲನೆ ನಿಲ್ಲಿಸುವುದು ಮತ್ತು ವಿದ್ಯುತ್ ಕಡಿಯುವುದು ಎರಡು ಬೇರೆ ಕೆಲಸಗಳು. ಯಂತ್ರಗಳ ವಿದ್ಯುತ್ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡ ಐಇಸಿ 60204-1 ಕೂಡ ಎರಡನ್ನೂ ಬೇರೆ ಹೆಸರಿನಿಂದಲೇ ಕರೆಯುತ್ತದೆ. ಕರೆಂಟ್ ಕಡಿದರೂ ದೊಡ್ಡ ಚಕ್ (ಕೆಲಸದ ತುಂಡನ್ನು ಹಿಡಿಯುವ ಭಾಗ) ಇರುವ ಲೇತು ಸುತ್ತುತ್ತಲೇ ಇರುತ್ತದೆ, ಅದಕ್ಕೆ ಕರೆಂಟ್ ಹೋದಾಗ ಸ್ಪ್ರಿಂಗ್‌ನಿಂದ ಹಿಡಿಯುವ ಬ್ರೇಕ್ ಬೇಕು. ಸರ್ಫೇಸ್ ಗ್ರೈಂಡರಿನ ಮ್ಯಾಗ್ನೆಟಿಕ್ ಚಕ್ಕಿಗೆ ಕರೆಂಟ್ ಕಡಿದರೆ ಕಲ್ಲು ಇನ್ನೂ ತಿರುಗುತ್ತಿರುವಾಗಲೇ ಕೆಲಸದ ತುಂಡು ಕಳಚಿ ಹಾರುತ್ತದೆ. ಚಕ್ಕಿನ ಸಪ್ಲೈ ಬಟನ್ನಿನ ಹೊರಗೇ ಇರಬೇಕು. ಮೋಟಾರಿನ ವೇಗ ಹೊಂದಿಸುವ ಡ್ರೈವ್‌ಗಳ ಒಳಗಿನ ಕೆಪಾಸಿಟರ್‌ಗಳು ಬಟನ್ ಒತ್ತಿದ ಮೇಲೂ ಹಲವು ನಿಮಿಷ ಚಾರ್ಜ್ ಹಿಡಿದಿರುತ್ತವೆ. ರಿಪೇರಿಗೆ ಕೈ ಹಾಕುವವರು ಈ ಬಟನ್ನನ್ನು ನಂಬದೆ ಐಸೊಲೇಟರ್ ತೆಗೆದು ಬೀಗ ಹಾಕಲೇಬೇಕು. ಲ್ಯಾಬಿನ ದೀಪಗಳು ಬೇರೆ ಸರ್ಕ್ಯೂಟಿನಲ್ಲಿರಲಿ. ಕತ್ತಲಾದ ಕೋಣೆಯಲ್ಲಿ ಗಾಯಾಳುವನ್ನು ಹುಡುಕುವಂತಾಗಬಾರದು.

ರಿಸೆಟ್ ವಿಚಾರ. ಬಟನ್ ತಿರುಗಿಸಿ ಬಿಡಿಸಿದ ಕೂಡಲೇ ಕರೆಂಟ್ ಬಂದರೆ ಅದು ತಪ್ಪು ಸರ್ಕ್ಯೂಟ್. ಪವರ್ ಕಟ್ ಆಗಿ ವಾಪಸ್ ಬಂದಾಗ ಯಂತ್ರಗಳು ತಾವೇ ಶುರುವಾದರೂ ತಪ್ಪೇ. ಬಿಡಿಸುವುದು ಒಂದು, ರಿಸೆಟ್ ಇನ್ನೊಂದು. ರಿಸೆಟ್ ಬಟನ್ ಇಡೀ ಲ್ಯಾಬ್ ಕಾಣುವ ಜಾಗದಲ್ಲಿ, ಸಾಧ್ಯವಾದರೆ ಕೀಲಿಯೊಂದಿಗೆ ಇರಬೇಕು. ಒತ್ತಿ ಬಿಟ್ಟಾಗ ಮಾತ್ರ ಕೆಲಸ ಮಾಡುವ ಮಾನಿಟರ್ಡ್ ರಿಸೆಟ್ ಇರುವ ಸೇಫ್ಟಿ ರಿಲೇ ಆದರೆ, ರಿಸೆಟ್ ಬಟನ್ನಿಗೆ ಬೆಂಕಿಕಡ್ಡಿ ಸಿಕ್ಕಿಸಿ ಇಡುವ ಅಭ್ಯಾಸವೂ ನಡೆಯುವುದಿಲ್ಲ.

11 ಕೆವಿ ತೆಗೆದುಕೊಳ್ಳುವ ಎಚ್‌ಟಿ (ಹೈ ಟೆನ್ಷನ್) ಗ್ರಾಹಕರ ವಿಸಿಬಿಗಳಲ್ಲಿ (ವ್ಯಾಕ್ಯೂಮ್ ಬ್ರೇಕರ್) ಮಾತ್ರ ಬ್ಯಾಟರಿಯ ಶಂಟ್ ಟ್ರಿಪ್ಪೇ ರೂಢಿ. ಅಲ್ಲಿ ‘ಟ್ರಿಪ್ ಸರ್ಕ್ಯೂಟ್ ಹೆಲ್ದಿ’ ದೀಪ ಮತ್ತು ಸೂಪರ್‌ವಿಷನ್ ರಿಲೇ ಕಾಯಿಲಿನ ದಾರಿಯನ್ನು ಸದಾ ನೋಡುತ್ತಿರುತ್ತವೆ. ಹಳೇ ಕಟ್ಟಡದಲ್ಲಿ ಶಂಟ್ ಟ್ರಿಪ್ ಬದಲಿಸಲು ಆಗದಿದ್ದರೆ ಕನಿಷ್ಠ ಈ ಕಾವಲನ್ನಾದರೂ ಹಾಕಬೇಕು.

ವಿದ್ಯುತ್ ಪರಿವೀಕ್ಷಕರಿಗೆ, ಅಗ್ನಿಶಾಮಕ ಇಲಾಖೆಗೆ, ಅಪಾರ್ಟ್‌ಮೆಂಟ್ ಸಂಘಗಳಿಗೆ, ಪ್ರಾಂಶುಪಾಲರಿಗೆ ನಮ್ಮ ವಿನಂತಿ: ಬಟನ್ನಿನ ಫೋಟೊ ನೋಡಿ ಒಪ್ಪಿಗೆ ಕೊಡಬೇಡಿ. ಲೂಪಿನ ನಕ್ಷೆಯನ್ನು ಪ್ಯಾನೆಲ್ ಬಾಗಿಲ ಒಳಗೆ ಅಂಟಿಸಲು ಹೇಳಿ, ಮೂರು ತಿಂಗಳಿಗೊಮ್ಮೆಯಾದರೂ ಎದುರಿಗೇ ಪರೀಕ್ಷೆ ಮಾಡಿಸಿ. ಮೊದಲೇ ನಿವಾಸಿಗಳಿಗೆ ತಿಳಿಸಿ, ಲಿಫ್ಟ್ ಖಾಲಿ ಮಾಡಿಸಿ, ಪ್ರತಿ ಬಟನ್ನನ್ನೂ ಒಂದೊಂದಾಗಿ ಒತ್ತಬೇಕು. ಒತ್ತಿದ ಮೇಲೆ ಗಡಿಯಾರ ನೋಡಿಕೊಂಡು ಮೂರು ನಿಮಿಷ ಕಾಯಬೇಕು. ಜನರೇಟರ್ ಕರೆಂಟ್ ಸಾಮಾನ್ಯ ಬಸ್‌ಬಾರಿಗೆ ಬಂತೆಂದರೆ ಪರೀಕ್ಷೆ ಫೇಲ್. ಆಮೇಲೆ ಬಟನ್ ಒತ್ತದೆ, ಅದರ ಡಬ್ಬಿಯಲ್ಲಿ ಪ್ಲಸ್ ದಾರಿಯ ಒಂದು ವೈರು ಬಿಚ್ಚಬೇಕು, ಬ್ರೇಕರ್ ಬೀಳಬೇಕು. ಮೈನಸ್ ದಾರಿಯದ್ದು ಬಿಚ್ಚಿದರೂ ಬೀಳಬೇಕು. ಎರಡು ಬ್ಲಾಕ್‌ಗಳ ಪೈಕಿ ಒಂದು ಬೈಪಾಸ್ ಆಗಿದ್ದರೆ ಬಟನ್ ಒತ್ತಿ ನೋಡುವುದರಿಂದ ತಿಳಿಯುವುದಿಲ್ಲ. ಹಾಗಾಗಿ ಒತ್ತಿದ ಸ್ಥಿತಿಯಲ್ಲಿ, 24 ವೋಲ್ಟ್ ಸಪ್ಲೈ ತೆಗೆದು, ಬಟನ್ನಿಗೆ ಬರುವ ಕೇಬಲನ್ನು ಪ್ಯಾನೆಲ್ ತುದಿಯಲ್ಲಿ ಬಿಚ್ಚಿ, ಎರಡೂ ಜೋಡಿಗಳನ್ನು ಮಲ್ಟಿಮೀಟರಿನಲ್ಲಿ ಬೇರೆ ಬೇರೆ ಅಳೆಯಬೇಕು, ಎರಡೂ ತೆರೆದಿರಬೇಕು. ಚಾರ್ಜರಿನ ಎಸಿ ಫ್ಯೂಸ್ ತೆಗೆದು ಒಂದು ಗಂಟೆ ಬಿಟ್ಟು ಬ್ಯಾಟರಿ ವೋಲ್ಟೇಜ್ ಬರೆದುಕೊಳ್ಳಬೇಕು. ದಿನಾಂಕ, ಬಟನ್ ನಂಬರು, ಬಿದ್ದ ಬ್ರೇಕರುಗಳು, ಬೀಳದೆ ಉಳಿದ ಫೈರ್ ಪಂಪ್ ಫೀಡರ್, ಪರೀಕ್ಷೆ ಮಾಡಿದವರ ಸಹಿ, ಇಷ್ಟೂ ಒಂದು ರಿಜಿಸ್ಟರಿನಲ್ಲಿ ಇರಬೇಕು. ಆ ರಿಜಿಸ್ಟರು ಬಟನ್ ಇರುವ ಸೆಕ್ಯುರಿಟಿ ಕೊಠಡಿಯಲ್ಲೇ ಇರಲಿ, ಯಾರು ಬೇಕಾದರೂ ತೆಗೆದು ನೋಡುವಂತೆ.

ಇತಿ,
ವಿದ್ಯುತ್ ವಿನ್ಯಾಸ ಮತ್ತು ಪರೀಕ್ಷೆಯ ಕೆಲಸದಲ್ಲಿರುವ ಓದುಗರು, ಬೆಂಗಳೂರು